ಕಿಸೆ ಚಾಕು: ಕಸಿ ಕಡ್ಡಿಗೂ ಬುತ್ತಿಯ ಉಳ್ಳಾಗಡ್ಡಿಗೂ ಒಂದೇ ಅಲಗು ಸಾಕೇ?

ತಿಕೋಟಾ ತೋಟ:

ಎಲ್ಲರಿಗೂ ನಮಸ್ಕಾರ. ತಿಕೋಟಾ ಹತ್ತಿರ ನಾಲ್ಕು ಎಕರೆ ದ್ರಾಕ್ಷಿ ನನ್ನದು. ಮಡಚುವ ಚಾಕು ಒಂದನ್ನು ಕೊಳ್ಳಬೇಕಾಗಿದೆ. ತಿಳಿದವರ ಮಾತು ಕೇಳಿಯೇ ಕೊಳ್ಳೋಣ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲಿಯವರೆಗೆ ಬಳಸಿದ್ದು ಅಪ್ಪನ ಚಾಕು. ನಮ್ಮೂರಿನ ಕಂಬಾರರು ಸವೆದ ಅರವೊಂದನ್ನು ಕಾಯಿಸಿ ಬಡಿದು ಮಾಡಿಕೊಟ್ಟದ್ದು, ಎಮ್ಮೆ ಕೊಂಬಿನ ಹಿಡಿ. ಅಲಗಿನ ಬುಡದಲ್ಲಿ ಅರದ ಹಲ್ಲುಗಳ ಓರೆಗೆರೆ ಇನ್ನೂ ಉಳಿದಿದೆ. ಉಗುರು ಆಡಿಸಿದರೆ ಕರಕರ ಎನ್ನುತ್ತದೆ. ಮೂವತ್ತು ವರ್ಷ ಮಸೆದು ಮಸೆದು ಅಲಗಿನ ಅಗಲ ಅರ್ಧಕ್ಕೆ ಇಳಿದಿದೆ. ಈಗ ಮಡಚಿಟ್ಟರೂ ಮೊನೆ ಅಕ್ಕಿಕಾಳಿನಷ್ಟು ಹಿಡಿಯಿಂದ ಹೊರಗೆ ಉಳಿಯುತ್ತದೆ. ಎರಡು ಅಂಗಿಗಳ ಕಿಸೆ ಹರಿದವು, ಹೋದ ವಾರ ಬೆರಳಿಗೂ ತಾಗಿತು. ಮಾಡಿಕೊಟ್ಟ ಕಂಬಾರರು ತೀರಿಕೊಂಡು ಬಹಳ ವರ್ಷಗಳಾದವು. ಅವರ ಕುಲುಮೆ ಇದ್ದ ಜಾಗದಲ್ಲಿ ಈಗ ಗೊಬ್ಬರದ ಅಂಗಡಿ ಇದೆ.

ನನ್ನ ಕೆಲಸ ಮೂರು ಬಗೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಡಾಗ್‌ರಿಡ್ಜ್ ಎಂಬ ಬೇರುಗಿಡಕ್ಕೆ ಥಾಮ್ಸನ್ ದ್ರಾಕ್ಷಿಯ ಕಡ್ಡಿಯನ್ನು ಕಸಿ ಕಟ್ಟುವುದು ಮೊದಲನೆಯದು. ವರ್ಷವಿಡೀ ಸುತಳಿ, ಗೊಬ್ಬರದ ಚೀಲ, ಡ್ರಿಪ್ಪಿನ ಲ್ಯಾಟರಲ್ ಪೈಪು ಕತ್ತರಿಸುವುದು ಎರಡನೆಯದು. ಮೂರನೆಯದು, ಬುತ್ತಿ ಬಿಚ್ಚಿದಾಗ ಉಳ್ಳಾಗಡ್ಡಿ, ಸೌತೆಕಾಯಿ, ಲಿಂಬೆ ಹೆಚ್ಚುವುದು. ಎರಡು ಸಾವಿರ ರೂಪಾಯಿಯವರೆಗೆ ಕೊಡಬಲ್ಲೆ. ಅಂಗಡಿಯಲ್ಲಿ ಕೇಳಿದರೆ ‘ಸ್ಟೇನ್‌ಲೆಸ್, ಚಿಂತೆ ಬೇಡ’ ಎನ್ನುತ್ತಾರೆಯೇ ಹೊರತು ಮುಂದಿನ ಮಾತಿಲ್ಲ. ಮೊದಲು ನೋಡಬೇಕಾದದ್ದು ಅಲಗಿನ ಆಕಾರವೋ, ಉಕ್ಕೋ, ಹಿಡಿಯೋ?

ಉದ್ಯಮಬಾಗ್ ಲೇಥ್:

ಅಣ್ಣಾ, ನಾನು ಬೆಳಗಾವಿಯ ಉದ್ಯಮಬಾಗಿನಲ್ಲಿ ಲೇಥ್ ಮತ್ತು ಗ್ರೈಂಡಿಂಗ್ ಕೆಲಸ ಮಾಡುವವನು. ಉಕ್ಕಿನ ಬಗ್ಗೆ ಹೇಳುತ್ತೇನೆ, ಉಳಿದದ್ದನ್ನು ಬೇರೆಯವರು ಹೇಳಲಿ.

‘ಸ್ಟೇನ್‌ಲೆಸ್’ ಎಂದರೆ ‘ಕಟ್ಟಿಗೆ’ ಎಂದಂತೆ. ಸಾಗವಾನಿಯೂ ಕಟ್ಟಿಗೆಯೇ, ನುಗ್ಗೆಯೂ ಕಟ್ಟಿಗೆಯೇ. ಗಟ್ಟಿತನ ಕೊಡುವುದು ಇಂಗಾಲ, ತುಕ್ಕು ತಡೆಯುವುದು ಕ್ರೋಮಿಯಂ. ಕ್ರೋಮಿಯಂ ಶೇ. 10.5 ದಾಟಿದರೆ ಸ್ಟೇನ್‌ಲೆಸ್ ಎನ್ನಿಸಿಕೊಳ್ಳುತ್ತದೆ. ಊಟದ ತಾಟು, ಚಮಚ ಮಾಡುವ 304 ಕೂಡ ಸ್ಟೇನ್‌ಲೆಸ್ಸೇ: ಶೇ. 18 ಕ್ರೋಮಿಯಂ, 8 ನಿಕಲ್, ಇಂಗಾಲ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಎಷ್ಟು ಕಾಯಿಸಿ ಎಣ್ಣೆಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ. ಅಂಥ ಅಲಗು ನಾಲ್ಕು ಚೀಲ ಕೊಯ್ಯುವುದರೊಳಗೆ ಮೊಂಡಾಗುತ್ತದೆ. ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತದ ಚೂರು ಒಯ್ಯಿರಿ. ಅಲಗಿಗೆ ಅಂಟದಿದ್ದರೆ ಅಲ್ಲಿಯೇ ಇಟ್ಟು ಬನ್ನಿ. ಅಂಟಿದ ಮಾತ್ರಕ್ಕೆ ಒಳ್ಳೆಯದು ಎಂದೂ ಅಲ್ಲ, 420 ಎಂಬ ಅಗ್ಗದ ಸ್ಟೇನ್‌ಲೆಸ್ ಕೂಡ ಅಂಟುತ್ತದೆ.

ನಿಮ್ಮ ಹಣಕ್ಕೆ ಸಿಗುವ ಚಾಕುಗಳ ಮೇಲೆ ಹೆಚ್ಚಾಗಿ ಕಾಣುವ ಹೆಸರುಗಳು ಮೂರು. 8ಸಿಆರ್13ಎಂಒವಿ ಎಂಬುದು ಚೀನಾದ್ದು, ಶೇ. 0.8ರ ಸುಮಾರು ಇಂಗಾಲ, 13 ಕ್ರೋಮಿಯಂ. ಸುಲಭವಾಗಿ ಮಸೆಯಬಹುದು, ಬೇಗ ಮೊಂಡಾಗುತ್ತದೆ. 12ಸಿ27 ಸ್ವೀಡನ್ನಿನದು, 0.6 ಇಂಗಾಲ, 13.5 ಕ್ರೋಮಿಯಂ. ಉಕ್ಕಿನ ಒಳಗಿನ ಕಾಳು ಬಹಳ ನುಣುಪು, ತೆಳ್ಳಗಿನ ಬಾಯಿ, ಅಂದರೆ ಕೊಯ್ಯುವ ಅಂಚು, ಹಿಡಿಯುತ್ತದೆ. ಮೂರನೆಯದು ಡಿ2. ಇದು ನಮ್ಮ ಮನೆಯ ಮಗು. ಡೈ, ಪಂಚ್‌ಗಳನ್ನು ಇದರಲ್ಲಿಯೇ ಮಾಡುತ್ತೇವೆ. 1.5 ಇಂಗಾಲ, 12 ಕ್ರೋಮಿಯಂ. ರಾಕ್‌ವೆಲ್ ಸಿ ಎಂಬ ಗಟ್ಟಿತನದ ಅಳತೆಯಲ್ಲಿ 60ರವರೆಗೆ ಆರಾಮವಾಗಿ ಹೋಗುತ್ತದೆ, ಹರಿತ ವಾರಗಟ್ಟಲೆ ನಿಲ್ಲುತ್ತದೆ. ಆದರೆ ಅದರ ಕ್ರೋಮಿಯಮ್ಮಿನಲ್ಲಿ ಒಂದು ದೊಡ್ಡ ಪಾಲು ಇಂಗಾಲದ ಜೊತೆ ಕೂಡಿ ಕಾರ್ಬೈಡ್ ಕಾಳುಗಳಾಗಿ ಕೂತಿರುತ್ತದೆ. ಹಾಗಾಗಿ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಬೆವರಿನ ಕಿಸೆಯಲ್ಲಿ ಚುಕ್ಕೆ ಚುಕ್ಕೆ ತುಕ್ಕು ಬರುತ್ತದೆ. ಮೊಂಡಾದಾಗ ಮನೆಯ ಮಸೆಗಲ್ಲಿಗೂ ಜಗ್ಗುವುದಿಲ್ಲ.

ಅಪ್ಪನ ಚಾಕುವನ್ನು ಮಾತ್ರ ಎಸೆಯಬೇಡಿ. ಅರದಲ್ಲಿ ಶೇ. 1.2ರ ಆಸುಪಾಸು ಇಂಗಾಲ ಇರುತ್ತದೆ, ಅಂಥ ಉಕ್ಕು ಅಂಗಡಿಯ ಚಾಕುವಿನಲ್ಲಿ ಸಿಗುವುದು ಅಪರೂಪ. ಒಂದು ಫೋಟೋ ಹಾಕಿ.

ಇಂಡಿ ಲಿಂಬೆ:

ಲೇಥ್ ಅಣ್ಣನ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇದೆ. ನಾವು ಲಿಂಬೆ ಬೆಳೆಯುವವರು, ನಮ್ಮ ಮನೆಯಲ್ಲಿ ಇರುವುದೆಲ್ಲ ಕಾರ್ಬನ್ ಉಕ್ಕಿನ ಚಾಕುಗಳೇ. ಲಿಂಬೆಹುಳಿ ತಾಗಿದರೆ ಕಪ್ಪಾಗುತ್ತದೆ, ಹಣ್ಣಿಗೆ ಕಬ್ಬಿಣದ ವಾಸನೆ ಬರುತ್ತದೆ ಎಂದು ಜನ ಹೆದರುತ್ತಾರೆ. ಹೊಸದರಲ್ಲಿ ಅದು ನಿಜ. ಕೊಯ್ದ ತಕ್ಷಣ ಒರೆಸುತ್ತಾ ಹೋದರೆ ಹದಿನೈದು ದಿನಗಳಲ್ಲಿ ಅಲಗು ನೀಲಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗುತ್ತದೆ, ಮಳೆಮೋಡದ ಹಾಗೆ. ಆ ಪೊರೆ ಬಂದ ಮೇಲೆ ಕೆಂಪು ತುಕ್ಕು ಸುಲಭವಾಗಿ ಹಿಡಿಯುವುದಿಲ್ಲ, ವಾಸನೆಯೂ ಕಡಿಮೆಯಾಗುತ್ತದೆ. ಮೊಂಡಾದರೆ ಕಲ್ಲಿನ ಮೇಲೆ ಹತ್ತು ಸಲ ಎಳೆದರೆ ಸಾಕು. ತೋಟದಲ್ಲಿ ನಿಂತವರಿಗೆ ತಿಂಗಳುಗಟ್ಟಲೆ ನಿಲ್ಲುವ ಹರಿತಕ್ಕಿಂತ ಎರಡು ನಿಮಿಷದಲ್ಲಿ ಬರುವ ಹರಿತವೇ ದೊಡ್ಡದು.

ಹಿಡಿಗೆ ಕುಸುಬೆ ಎಣ್ಣೆ ಸವರಿ. ಅಲಗು ಮಡಚುವ ಕೀಲಿಗೂ ಅದನ್ನೇ ಬಿಡುತ್ತೇವೆ.

ಉದ್ಯಮಬಾಗ್ ಲೇಥ್:

ಅಕ್ಕಾ, ಹಿಡಿಗೆ ಆಗಬಹುದು, ಕೀಲಿಗೆ ಬೇಡ. ಕುಸುಬೆ ಎಣ್ಣೆ ಗಾಳಿಗೆ ನಿಧಾನವಾಗಿ ಒಣಗಿ ಅಂಟಾಗುವ ಜಾತಿಯದು, ಅಗಸೆ ಎಣ್ಣೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಕಟ್ಟಿಗೆಯ ಹಿಡಿಗೆ ಆ ಗುಣವೇ ಬೇಕು, ಒಳಗೆ ಇಳಿದು ಪೊರೆಯಾಗುತ್ತದೆ. ಕೀಲಿನಲ್ಲಿ ಅದೇ ಗುಣ ಎರೆಮಣ್ಣಿನ ಧೂಳನ್ನು ಹಿಡಿದು ಮೇಣದಂತೆ ಕೂರುತ್ತದೆ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ, ಒಂದೇ ಹನಿ. ಅದಕ್ಕೆ ಮೊದಲು ನೀರಿನಲ್ಲಿ ತೊಳೆದು ಬಿಸಿಲಿಗೆ ಇಟ್ಟು ಒಣಗಿಸಿ.

ಇಂಡಿ ಲಿಂಬೆ:

ಸರಿ ಅಣ್ಣಾ. ನಮ್ಮದೊಂದು ಚಾಕು ತೆರೆಯಲು ಎರಡೂ ಕೈ ಬೇಕಾಗಿದ್ದು ಏಕೆ ಎಂಬುದು ಈಗ ತಿಳಿಯಿತು.

ಕ್ಯಾಂಪ್ ನಿವೃತ್ತ:

ನಾನು ಸೇನೆಯಿಂದ ನಿವೃತ್ತನಾಗಿ ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಇರುವವನು. ಮಡಚುವ ಚಾಕುಗಳನ್ನು ಇಪ್ಪತ್ತೈದು ವರ್ಷಗಳಿಂದ ಕೂಡಿಡುತ್ತಿದ್ದೇನೆ. ಎಲ್ಲರೂ ಉಕ್ಕಿನಿಂದ ಆರಂಭಿಸುತ್ತಾರೆ, ನನ್ನ ಅನುಭವದಲ್ಲಿ ಅದು ಎರಡನೆಯ ಪ್ರಶ್ನೆ. ಸರಿಯಾದ ಆಕಾರದ, ತೆಳ್ಳಗೆ ಇಳಿಸಿದ ಸಾಧಾರಣ ಉಕ್ಕಿನ ಅಲಗು, ದಪ್ಪಗೆ ಬಿಟ್ಟ ದುಬಾರಿ ಉಕ್ಕಿನ ಅಲಗಿಗಿಂತ ಚೆನ್ನಾಗಿ ಕೊಯ್ಯುತ್ತದೆ. ಒಂದು ಉಳ್ಳಾಗಡ್ಡಿ ತೆಗೆದುಕೊಂಡು ನೋಡಿ. ಬೆನ್ನು ನಾಲ್ಕು ಮಿಲಿಮೀಟರ್ ದಪ್ಪ ಇರುವ ಚಾಕು ಎಷ್ಟೇ ಹರಿತವಿದ್ದರೂ ಅರ್ಧಕ್ಕೆ ಹೋಗಿ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ, ಗಡ್ಡೆ ಟಪ್ ಎಂದು ಸೀಳುತ್ತದೆ. ಎರಡು ಮಿಲಿಮೀಟರಿನದು ಕೆಳಗಿನವರೆಗೆ ಇಳಿಯುತ್ತದೆ.

ಆಕಾರಗಳನ್ನು ಬೆನ್ನು ನೋಡಿ ಗುರುತಿಸಬೇಕು. ಡ್ರಾಪ್ ಪಾಯಿಂಟ್‌ನಲ್ಲಿ ಬೆನ್ನು ಮೊನೆಯ ಕಡೆಗೆ ಮೆಲ್ಲಗೆ ಇಳಿಯುತ್ತದೆ, ಬಾಯಿಗೆ ಹೊಟ್ಟೆಯಂತೆ ಸ್ವಲ್ಪ ಉಬ್ಬು ಇರುತ್ತದೆ, ಮೊನೆಗೆ ಬಲ ಇರುತ್ತದೆ. ಒಂದೇ ಚಾಕು ಎನ್ನುವವರಿಗೆ ಇದೇ ಸರಿ. ಕ್ಲಿಪ್ ಪಾಯಿಂಟ್‌ನಲ್ಲಿ ಬೆನ್ನಿನ ತುದಿಯನ್ನು ಕಚ್ಚಿ ತೆಗೆದಂತೆ ಇರುತ್ತದೆ. ಮೊನೆ ಸೂಜಿಯಂತೆ ಚೂಪು, ಅಷ್ಟೇ ಸೂಕ್ಷ್ಮ. ತೋಟದಲ್ಲಿ ತಂತಿಗೆ ತಾಗಿದರೆ ಮುರಿಯುತ್ತದೆ. ಶೀಪ್ಸ್‌ಫುಟ್ ಎಂದರೆ ಬಾಯಿ ಪೂರ್ತಿ ನೇರ, ಬೆನ್ನು ತುದಿಯಲ್ಲಿ ದುಂಡಗೆ ಬಾಗಿ ಬಾಯಿಗೆ ಬಂದು ಕೂಡುತ್ತದೆ, ಚುಚ್ಚುವ ಮೊನೆಯೇ ಇಲ್ಲ. ಅದೇ ಇಳಿಜಾರು ಬುಡದ ಹತ್ತಿರದಿಂದಲೇ ನಿಧಾನವಾಗಿ ಆರಂಭವಾದರೆ ವಾರ್ನ್‌ಕ್ಲಿಫ್. ಕುಡಗೋಲಿನಂತೆ ಒಳಗೆ ಬಾಗಿದ್ದು ಹಾಕ್‌ಬಿಲ್. ಟ್ಯಾಂಟೋ ಎಂಬ ಕೋನದ ಮೊನೆಯದು ನೋಡಲು ಚೆಂದ, ರೈತರಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ.

ಹೆಸರಿನಿಂದ ಮೋಹಗೊಳ್ಳಬೇಡಿ, ಆದರೆ ಒಳ್ಳೆಯ ಮಾದರಿಗಳನ್ನು ತಿಳಿದಿರಿ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ 1884ರಲ್ಲಿ ಆರಂಭವಾದದ್ದು. ಅದರ ಅಲಗಿನ ಗಟ್ಟಿತನ 56ರ ಸುತ್ತ, ಅಂದರೆ ಬಹಳ ಗಟ್ಟಿಯಲ್ಲ. ಆದರೂ ತೆಳ್ಳಗಿದೆ, ತುಕ್ಕು ಹತ್ತಿರ ಬರುವುದಿಲ್ಲ, ಯಾವ ಕಲ್ಲಿನ ಮೇಲೂ ಮಸೆಯಬಹುದು. ಫ್ರಾನ್ಸಿನ ಒಪಿನೆಲ್ 1890ರದು. ಬೀಚ್ ಮರದ ಹಿಡಿ, ತಿರುಗಿಸಿ ಬಿಗಿಮಾಡುವ ಉಕ್ಕಿನ ಬಳೆ. ಆ ಬಳೆ ಬಂದದ್ದು 1955ರಲ್ಲಿ. ಕಾರ್ಬನ್, ಸ್ಟೇನ್‌ಲೆಸ್ ಎರಡರಲ್ಲೂ ಸಿಗುತ್ತದೆ. ನನ್ನ ಹತ್ತಿರ ಎಸ್30ವಿ ಉಕ್ಕಿನ ದುಬಾರಿ ಚಾಕುವೂ ಇದೆ, ಶೇ. 4 ವೆನೇಡಿಯಂ ಇರುವುದರಿಂದ ಹರಿತ ಬಹಳ ದಿನ ನಿಲ್ಲುತ್ತದೆ. ಅದನ್ನು ಮಸೆಯಲು ವಜ್ರದ ಪುಡಿಯ ಪಟ್ಟಿ ಕೊಂಡಿದ್ದೇನೆ. ತಿಕೋಟಾದ ತೋಟಕ್ಕೆ ನಾನು ಅದನ್ನು ಹೇಳುವುದಿಲ್ಲ.

ಖಾನಾಪುರ ಮಳೆ:

ಸರ್, ಒಪಿನೆಲ್ ಬಗ್ಗೆ ಒಂದು ಮಾತು. ಎಂಟನೆಯ ನಂಬರಿನದು ನನ್ನ ಹತ್ತಿರ ಇದೆ. ಕಣಕುಂಬಿ ಕಡೆಯ ಮಳೆ ನಿಮಗೆ ಗೊತ್ತು. ಜುಲೈ ಬಂತೆಂದರೆ ಮರದ ಹಿಡಿ ಉಬ್ಬಿ ಅಲಗನ್ನು ಅವುಚಿ ಹಿಡಿಯುತ್ತದೆ, ಉಗುರು ಹಾಕಿ ಎಳೆದರೆ ಉಗುರೇ ಕಿತ್ತುಬರುತ್ತದೆ. ಹಿಡಿಯ ಹಿಂತುದಿಯನ್ನು ಬಾಗಿಲಿನ ಚೌಕಟ್ಟಿಗೆ ಕುಟ್ಟಿದರೆ ಅಲಗು ಸ್ವಲ್ಪ ಹೊರಗೆ ಬರುತ್ತದೆ, ಮಳೆಗಾಲವಿಡೀ ಹಾಗೆಯೇ ತೆರೆಯುತ್ತೇನೆ. ಅದೇ ಚಾಕುವನ್ನು ಮೇ ತಿಂಗಳಿನಲ್ಲಿ ವಿಜಯಪುರದ ಅಕ್ಕನ ಮನೆಗೆ ಒಯ್ದಿದ್ದೆ. ನಾಲ್ಕು ದಿನಗಳಲ್ಲಿ ಕಟ್ಟಿಗೆ ಒಣಗಿ ಕೀಲು ಸಡಿಲವಾಯಿತು, ಬಳೆ ಬಿಗಿ ಮಾಡದಿದ್ದರೆ ಅಲಗು ತಾನಾಗಿಯೇ ಜೋಲುತ್ತಿತ್ತು. ಅಗಸೆ ಎಣ್ಣೆಯಲ್ಲಿ ಹಿಡಿಯನ್ನು ಮುಳುಗಿಸಿಟ್ಟು ಒಣಗಿಸಿದ ಮೇಲೆ ಈ ಕಾಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆದರೂ ಕೈಗೆ ಕಟ್ಟಿಗೆ ಕೊಡುವ ಹಿತವನ್ನು ಬೇರೆ ಯಾವುದೂ ಕೊಡುವುದಿಲ್ಲ. ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ವಿಜಯಪುರ ವಿದ್ಯಾರ್ಥಿ:

ಜಿ-10 ಹಿಡಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲವೇ? ಅದಕ್ಕೆ ಅಷ್ಟು ಬೆಲೆ ಏಕೆ?

ಉದ್ಯಮಬಾಗ್ ಲೇಥ್:

ತಮ್ಮಾ, ಗಾಜಿನ ನಾರಿನ ಬಟ್ಟೆಯನ್ನು ಪದರ ಪದರವಾಗಿ ಎಪಾಕ್ಸಿ ಅಂಟಿನಲ್ಲಿ ನೆನೆಸಿ, ಬಿಸಿ ಕೊಟ್ಟು ಒತ್ತಿದ ಹಲಗೆ ಅದು. ವಿದ್ಯುತ್ ಉಪಕರಣಗಳಲ್ಲಿ ನಿರೋಧಕವಾಗಿ ಮೊದಲಿನಿಂದಲೂ ಬಳಕೆಯಲ್ಲಿದೆ. ನೀರು ಕುಡಿಯುವುದಿಲ್ಲ, ಬಿಸಿಲಿಗೆ ಬಾಗುವುದಿಲ್ಲ, ಎಣ್ಣೆಗೆ ಕರಗುವುದಿಲ್ಲ, ಮೈ ಒರಟಾಗಿ ಬಿಟ್ಟರೆ ಬೆವರಿನ ಕೈಯಲ್ಲಿ ಜಾರುವುದಿಲ್ಲ. ಅದನ್ನು ಕೊರೆದರೆ ನಮ್ಮ ಕಟರ್‌ಗಳು ಬೇಗ ಸವೆಯುತ್ತವೆ, ಬೆಲೆ ಹೆಚ್ಚಾಗಲು ಅದೂ ಒಂದು ಕಾರಣ. ಮನೆಯಲ್ಲಿ ಉಜ್ಜಲು ಹೋದರೆ ಮುಖಕ್ಕೆ ಮಾಸ್ಕ್ ಇಲ್ಲದೆ ಮಾಡಬೇಡ, ಗಾಜಿನ ಧೂಳು ಪುಪ್ಪುಸಕ್ಕೆ ಹೋಗುತ್ತದೆ. ಕಡಿಮೆ ಬೆಲೆಯಲ್ಲಿ ಗಾಜಿನ ನಾರು ಬೆರೆಸಿದ ನೈಲಾನ್ ಹಿಡಿ ಬರುತ್ತದೆ. ಹಗುರ, ಗಟ್ಟಿ, ರೈತರಿಗೆ ಅದು ಸಾಕು.

ತಿಕೋಟಾ ತೋಟ:

ಅಲ್ಯೂಮಿನಿಯಂ ಹಿಡಿಯ ಒಂದನ್ನು ಗೆಳೆಯ ತೋರಿಸಿದ್ದ. ಚೆನ್ನಾಗಿಯೇ ಇತ್ತು. ಏಪ್ರಿಲ್ ಚಾಟಣಿಯ, ಅಂದರೆ ಬಳ್ಳಿ ಸವರುವ, ಸಮಯದಲ್ಲಿ ಟ್ರ್ಯಾಕ್ಟರ್ ಬಾನೆಟ್ ಮೇಲೆ ಅರ್ಧ ಗಂಟೆ ಇಟ್ಟು ಎತ್ತಿಕೊಂಡರೆ ಅಂಗೈ ಚುರ್ ಎಂದಿತು. ಅದು ಬೇಡ ಎಂದುಕೊಂಡಿದ್ದೇನೆ.

ಮುಧೋಳ ಪಶುವೈದ್ಯೆ:

ಹಿಡಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ: ಬಣ್ಣವನ್ನೂ ನೋಡಿ. ಕಪ್ಪು ಹಿಡಿಯ ಎರಡು ಚಾಕುಗಳನ್ನು ನಾನು ಎರೆಹೊಲದಲ್ಲಿ ಕಳೆದುಕೊಂಡಿದ್ದೇನೆ. ಎರೆಮಣ್ಣಿನಲ್ಲಿ ಕಪ್ಪು ಚಾಕು ಬಿದ್ದರೆ ಸಿಗುವುದು ಮುಂದಿನ ಹರಗುವಿಕೆಯಲ್ಲಿ, ಅದೂ ದೇವರು ಕಣ್ಣು ಬಿಟ್ಟರೆ. ಕೆಂಪು, ಕಿತ್ತಳೆ, ಹಳದಿ ಕೊಳ್ಳಿ.

ಶೀಪ್ಸ್‌ಫುಟ್ ಅಲಗನ್ನು ಕುರಿಯ ಗೊರಸು ಸವರಲು ಬಳಸುತ್ತಿದ್ದರು. ಮಳೆಗಾಲದಲ್ಲಿ ಹಸಿ ನೆಲದ ಮೇಲೆ ನಿಂತು ಕುರಿಗಳ ಗೊರಸು ಬೆಳೆದು ಮಡಚಿಕೊಳ್ಳುತ್ತದೆ, ಒಳಗೆ ಕೆಸರು ಸಿಕ್ಕಿ ಕೊಳೆಯುತ್ತದೆ. ಕುರಿಯನ್ನು ಕುಂಡೆಯ ಮೇಲೆ ಕೂರಿಸಿ, ಬೆನ್ನನ್ನು ಮೊಣಕಾಲುಗಳ ನಡುವೆ ಅಮುಕಿ ಹಿಡಿದು, ಮಡಚಿದ ಅಂಚನ್ನು ತೆಳ್ಳಗೆ ಸವರಿ ತೆಗೆಯಬೇಕು. ಕುರಿ ಯಾವಾಗ ಒದೆಯುತ್ತದೆ ಎಂಬುದು ಅದಕ್ಕೇ ಗೊತ್ತಿರುವುದಿಲ್ಲ. ಆ ಕ್ಷಣದಲ್ಲಿ ಕೈಯಲ್ಲಿ ಚೂಪು ಮೊನೆ ಇದ್ದರೆ ಕುರಿಯ ಕಾಲಿಗೋ ನಮ್ಮ ತೊಡೆಗೋ ಇಳಿಯುತ್ತದೆ. ಶೀಪ್ಸ್‌ಫುಟ್‌ಗೆ ಮೊನೆ ಇಲ್ಲ, ನೇರ ಬಾಯಿ ಗೊರಸಿನ ಅಡಿಯನ್ನು ಸಪಾಟಾಗಿ ಸವರುತ್ತದೆ. ಗೊರಸಿನ ಒಳಪದರ ಗುಲಾಬಿ ಬಣ್ಣಕ್ಕೆ ತಿರುಗಿತೆಂದರೆ ನಿಲ್ಲಿಸಿ, ಮುಂದೆ ರಕ್ತ.

ಸ್ಪೇ ಎಂಬ ಮೊಂಡುತುದಿಯ ಇನ್ನೊಂದು ಅಲಗು ಹಳೆಯ ಚಾಕುಗಳಲ್ಲಿ ಇರುತ್ತದೆ. ಬೀಜ ಒಡೆಯುವ ಕೆಲಸಕ್ಕೆ ಇದ್ದದ್ದು. ದಯವಿಟ್ಟು ಅದಕ್ಕೆ ಬಳಸಬೇಡಿ. ಚರ್ಮ ಕೊಯ್ಯದೆ ಮಾಡುವ ಬರ್ಡಿಜೊ ಇಕ್ಕಳ ಪಶು ಆಸ್ಪತ್ರೆಯಲ್ಲಿ ಇರುತ್ತದೆ, ಪ್ರಾಣಿಯನ್ನು ಅಲ್ಲಿಗೆ ಕರೆತನ್ನಿ. ಗಾಯವೂ ಇಲ್ಲ, ಹುಳವೂ ಬೀಳುವುದಿಲ್ಲ.

ಬಾದಾಮಿ ಬಂಡೆ:

ವೈದ್ಯರ ಮಾತು ನಮಗೂ ಹೊಂದುತ್ತದೆ. ಬಾದಾಮಿಯ ಮರಳುಗಲ್ಲಿನ ಬಂಡೆಗಳನ್ನು ಹತ್ತುವವರು ನಾವು. ಸೊಂಟದ ಪಟ್ಟಿಗೆ ಸಣ್ಣ ಶೀಪ್ಸ್‌ಫುಟ್ ಚಾಕು ತೂಗುಹಾಕಿರುತ್ತೇವೆ. ಭಾರ ಬಿದ್ದು ಬಿಗಿದ ನೈಲಾನ್ ಹಗ್ಗಕ್ಕೆ ಹರಿತ ಅಲಗು ಸುಮ್ಮನೆ ತಾಗಿದರೂ ಸಾಕು, ಹರಿಯುತ್ತದೆ. ಹಾಗಾಗಿ ಮೊನೆಯ ಚಾಕುವನ್ನು ನಾವು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನಮ್ಮದಕ್ಕೆ ಅರ್ಧ ಬಾಯಿ ಗರಗಸದ ಹಲ್ಲು, ಹಗ್ಗಕ್ಕೆ ಅದು ಚೆನ್ನಾಗಿ ಕಚ್ಚುತ್ತದೆ. ಡ್ರಿಪ್ ಪೈಪಿಗೆ ಮಾತ್ರ ಹಲ್ಲು ಬೇಡ. ಸಾದಾ ಬಾಯಿಯಿಂದ ಒತ್ತಿ ಕೊಯ್ದರೆ ಪೈಪಿನ ಬಾಯಿ ಚೌಕವಾಗಿ ಬರುತ್ತದೆ, ಜಾಯಿಂಟ್ ಸೋರುವುದಿಲ್ಲ.

ಬಾಗಲಕೋಟೆ ದಾಳಿಂಬೆ:

ದಾಳಿಂಬೆಯವರ ಪರವಾಗಿ ನಾನು. ಬುಡದಿಂದ ಏಳುವ ಚಿಗುರು ತೆಗೆಯಲು ಹಾಕ್‌ಬಿಲ್ ಬಿಟ್ಟರೆ ಇನ್ನೊಂದಿಲ್ಲ. ಬಾಗಿದ ಬಾಯಿ ಚಿಗುರನ್ನು ತಾನೇ ಹಿಡಿದುಕೊಳ್ಳುತ್ತದೆ, ಎಳೆದರೆ ಮುಗಿಯಿತು. ಮಸೆಯುವುದು ಕಷ್ಟ, ಒಳಬಾಗಿಗೆ ಚಪ್ಪಟೆ ಕಲ್ಲು ಕೂರುವುದಿಲ್ಲ. ಗುಂಡು ಕೋಲಿಗೆ ಎಮರಿ ಕಾಗದ ಸುತ್ತಿ ಉಜ್ಜುತ್ತೇನೆ.

ನಾನು ಹೇಳಬೇಕೆಂದು ಬಂದದ್ದು ಬೇರೆ. ದುಂಡಾಣು ಅಂಗಮಾರಿ ರೋಗ ನಮ್ಮ ಜಿಲ್ಲೆಯ ಎಷ್ಟೋ ದಾಳಿಂಬೆ ತೋಟಗಳನ್ನು ತಿಂದುಹಾಕಿದೆ. ಅದು ಗಿಡದಿಂದ ಗಿಡಕ್ಕೆ ನಮ್ಮದೇ ಕತ್ತರಿ, ಚಾಕುವಿನ ಬಾಯಿಯ ಮೇಲೆ ಕೂತು ಹೋಗುತ್ತದೆ. ಒಂದು ಗಿಡ ಮುಗಿದ ಮೇಲೆ ಅಲಗನ್ನು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಿಯೇ ಮುಂದಿನದಕ್ಕೆ ಕೈ ಹಾಕಬೇಕು. ಈ ದ್ರಾವಣ ಕಾರ್ಬನ್ ಉಕ್ಕನ್ನು ಸಂಜೆಯೊಳಗೆ ಕೆಂಪಾಗಿಸುತ್ತದೆ. ಸ್ಟೇನ್‌ಲೆಸ್ಸನ್ನೂ ಬಿಡುವುದಿಲ್ಲ, ತೊಳೆಯದೆ ರಾತ್ರಿ ಇಟ್ಟರೆ ಸೂಜಿ ಚುಚ್ಚಿದಂತೆ ತೂತು ಬೀಳುತ್ತವೆ. ಸಂಜೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಕೈ ಆಡಿಸಿಯೇ ಮಲಗಿಸಬೇಕು. ಇಂಡಿ ಅಕ್ಕನವರು ಹೇಳಿದ ಬೂದು ಪೊರೆ ನಮ್ಮ ತೋಟದಲ್ಲಿ ಒಂದು ದಿನವೂ ಉಳಿಯುವುದಿಲ್ಲ. ನಮಗೆ ಸ್ಟೇನ್‌ಲೆಸ್ಸೇ ಆಗಬೇಕು.

ಇಂಡಿ ಲಿಂಬೆ:

ಒಪ್ಪಿದೆ. ನಮಗೆ ಆ ಅದ್ದುವ ಕೆಲಸ ಇಲ್ಲ. ದ್ರಾಕ್ಷಿ ಕಸಿಗೆ ಹೇಗೆ?

ತಿಕೋಟಾ ತೋಟ:

ಕಸಿಗೆ ನಾವು ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸುತ್ತೇವೆ ಅಕ್ಕಾ. ಅಪ್ಪನ ಚಾಕುವಿಗೆ ಅದರಿಂದ ಏನೂ ಆಗಿಲ್ಲ. ಕಡ್ಡಿಯ ರಸ ಅಂಟಿದ್ದೂ ಸ್ಪಿರಿಟ್‌ಗೇ ಬಿಡುತ್ತದೆ.

ವಿಜಯಪುರ ವಿದ್ಯಾರ್ಥಿ:

ಬಸ್ಸಿನಲ್ಲಿ ಹೋಗುವಾಗ ಕಿಸೆಯಲ್ಲಿ ಚಾಕು ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆಯೇ?

ಕ್ಯಾಂಪ್ ನಿವೃತ್ತ:

ಒಳ್ಳೆಯ ಪ್ರಶ್ನೆ. 1959ರ ಆಯುಧ ಕಾಯ್ದೆಯ ಅಡಿಯಲ್ಲಿ ಬಂದ 2016ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ; ಮನೆಗೆಲಸ, ಕೃಷಿ, ಕೈಗಾರಿಕೆಗೆಂದು ಮಾಡಿದವುಗಳನ್ನು ಹೊರಗಿಡುತ್ತವೆ. ಮೂರು ಇಂಚಿನ ಕಿಸೆ ಚಾಕು ಆ ಪಟ್ಟಿಗೆ ಬರುವುದಿಲ್ಲ. ಹಾಗೆಂದು ಎಲ್ಲೆಡೆ ಒಯ್ಯಬಹುದು ಎಂದಲ್ಲ. ನ್ಯಾಯಾಲಯಕ್ಕೆ ಬೇಡ. ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೋಗುವುದಾದರೆ ಒಪ್ಪಿಸುವ ಚೀಲದಲ್ಲಿ ಇಡು, ಕೈಚೀಲದಲ್ಲಿ ಅಲ್ಲ. ಊರಿನಲ್ಲಿ ನಿಷೇಧಾಜ್ಞೆ ಇದ್ದ ದಿನ ಮನೆಯಲ್ಲಿಯೇ ಬಿಡು. ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳ ಆಸೆ ಬೇಡ. ಅವು ಯಾವ ಕೆಲಸಕ್ಕೂ ಆಗುವುದಿಲ್ಲ, ಕಂಡವರ ಕಣ್ಣಿಗೂ ಒಳ್ಳೆಯದಲ್ಲ.

ತೆರೆದ ಅಲಗು ಮಡಚದಂತೆ ಹಿಡಿಯುವ ಬೀಗದ ಮಾತೂ ಇಲ್ಲಿಯೇ ಹೇಳಿಬಿಡುತ್ತೇನೆ. ಬರೀ ಸ್ಪ್ರಿಂಗಿನ ಬಲದಲ್ಲಿ ನಿಲ್ಲುವ ಚಾಕು ಕೊಯ್ಯುವಾಗ ಮಡಚುವುದಿಲ್ಲ, ಏಕೆಂದರೆ ಒತ್ತಡ ಬಾಯಿಯ ಮೇಲಿರುತ್ತದೆ. ಸಿಕ್ಕಿಕೊಂಡ ಅಲಗನ್ನು ಅಲ್ಲಾಡಿಸಿ ಕೀಳುವಾಗ, ಇಲ್ಲವೇ ಮೊನೆಯಿಂದ ಚುಚ್ಚುವಾಗ ಬೆನ್ನಿನ ಕಡೆ ಒತ್ತಡ ಬಿದ್ದು ಮಡಚುತ್ತದೆ, ಬೆರಳು ಹೋಗುವುದು ಆಗಲೇ. ಚೀಲ ಚುಚ್ಚಿ ತೆರೆಯುವವರಿಗೆ ಬೀಗ ಬೇಕು. ಹಿಡಿಯ ಒಳಗಿನ ಲೋಹದ ಎಲೆ ಅಲಗನ್ನು ತಡೆದು ನಿಲ್ಲಿಸುವ ಬೀಗವೇ ಲೈನರ್ ಲಾಕ್; ಎಡಗೈಯವರು ಅದನ್ನು ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ನೋಡಬೇಕು, ಅದರ ಎಲೆ ಬಲಗೈ ಹೆಬ್ಬೆರಳಿಗೆಂದು ಇರುತ್ತದೆ. ಬೆನ್ನಿನ ಮೇಲೆ ಒತ್ತುವ ಬೀಗ ಎರಡೂ ಕೈಗೆ ಒಂದೇ.

ಉದ್ಯಮಬಾಗ್ ಲೇಥ್:

ತಿಕೋಟಾ ಅಣ್ಣಾ, ಫೋಟೋ ನೋಡಿದೆ. ನಿಮಗೆ ಎರಡು ಚಾಕು ಬೇಕು, ಒಂದು ಈಗಾಗಲೇ ನಿಮ್ಮ ಹತ್ತಿರ ಇದೆ. ಕಸಿ ಕಡ್ಡಿಯ ತುದಿಯನ್ನು ಬೆಣೆಯಂತೆ ಕೊಯ್ಯುವ ಅಲಗಿಗೆ ಒಂದು ಮುಖ ಪೂರ್ತಿ ಸಪಾಟು, ಇನ್ನೊಂದು ಮುಖಕ್ಕೆ ಮಾತ್ರ ಇಳಿಜಾರು ಇರಬೇಕು, ಬಡಗಿಯ ಉಳಿಯಂತೆ. ಸಪಾಟು ಮುಖ ಕಡ್ಡಿಯ ಮೇಲೆ ಕೂತು ಜಾರಿದರೆ ಕೊಯ್ತ ನೇರ ಬರುತ್ತದೆ. ಎರಡೂ ಕಡೆ ಇಳಿಜಾರಿದ್ದರೆ ಅಲಗು ಕಡ್ಡಿಯಿಂದ ಏಳುತ್ತದೆ, ಕೊಯ್ತ ದೋಣಿಯಂತೆ ಬಾಗುತ್ತದೆ. ನೇರ ಬಾಯಿ, ಒಂದು ಕಡೆ ಇಳಿಜಾರು, ಗಟ್ಟಿ ಕಾರ್ಬನ್ ಉಕ್ಕು: ಅಪ್ಪನ ಚಾಕುವಿನಿಂದ ಇದನ್ನು ಮಾಡಬಹುದು. ಬೆಳಗಾವಿಗೆ ಬಂದಾಗ ತನ್ನಿ. ಅಲ್ಲಿಯವರೆಗೆ ಸೈಕಲ್ ಸಾಣೆಯವರ ಕೈಗೆ ಮಾತ್ರ ಕೊಡಬೇಡಿ. ಒಣ ಚಕ್ರದ ಮೇಲೆ ಅಂಚು ನೀಲಿಯಾಯಿತೆಂದರೆ ಕಾಯಿಸಿ ಕೊಟ್ಟ ಗಟ್ಟಿತನದ ಹದ ಹೋಯಿತು ಎಂದೇ ಅರ್ಥ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ತಿಕೋಟಾ ತೋಟ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಬೆಳಗಾವಿಗೆ ಹೋಗಿ ಬಂದೆ. ಲೇಥ್ ಅಣ್ಣನವರು ತಮ್ಮ ಊಟದ ಹೊತ್ತನ್ನೆಲ್ಲ ನನ್ನ ಚಾಕುವಿಗೆ ಕೊಟ್ಟರು.

ಮೊದಲು ಗಟ್ಟಿತನ ನೋಡಿದೆವು. ರಾಕ್‌ವೆಲ್ ಯಂತ್ರದಲ್ಲಿ ವಜ್ರದ ಚೂಪು ತುದಿಯನ್ನು 150 ಕಿಲೋ ಭಾರದಲ್ಲಿ ಒತ್ತುತ್ತಾರೆ, ಚುಕ್ಕೆ ಎಷ್ಟು ಆಳ ಬಿತ್ತು ಎಂಬುದೇ ಅಳತೆ. ತೆಳ್ಳಗಿನ ಅಂಚಿನಲ್ಲಿ ಒತ್ತಿದರೆ ಅಳತೆ ಸುಳ್ಳಾಗುತ್ತದೆ, ಅಲಗೂ ಸೀಳಬಹುದು ಎಂದು ಅಣ್ಣನವರು ಬುಡದ ದಪ್ಪ ಜಾಗದಲ್ಲಿ ಮಾತ್ರ ಒತ್ತಿದರು. 44 ಬಂತು. ನನಗೆ ಬೇಸರವಾಯಿತು, ಅಷ್ಟು ಮೆದುವೇ ಎಂದು. ಅವರು ಮಾತಾಡದೆ ಒಂದು ಹೊಸ ಅರ ತಂದು ಬೆನ್ನಿನ ಮೇಲೆ ಎಳೆದರು. ಗರ್ ಎಂದು ಕಚ್ಚಿ ಪುಡಿ ಉದುರಿತು. ಅದೇ ಅರವನ್ನು ಬಾಯಿಯ ಹತ್ತಿರ ಎಳೆದರೆ ಗಾಜಿನ ಮೇಲೆ ಎಳೆದಂತೆ ಜಾರಿಹೋಯಿತು, ಒಂದು ಗೀರೂ ಬೀಳಲಿಲ್ಲ. ನಮ್ಮ ಕಂಬಾರರು ಕಾಯಿಸಿದ ಅಂಚನ್ನು ಮಾತ್ರ ನೀರಿಗೆ ಅದ್ದಿ ಗಟ್ಟಿಮಾಡಿ, ಒಡೆಯದಿರಲಿ ಎಂದು ಬೆನ್ನನ್ನೂ ಬುಡವನ್ನೂ ಮೆದುವಾಗಿ ಬಿಟ್ಟಿದ್ದರಂತೆ. ಒಣಗಿದ ಜೋಳದ ಕಣಿಕೆಯ ಬಣ್ಣ ಬರುವವರೆಗೆ ಮತ್ತೆ ಮೆಲ್ಲಗೆ ಕಾಯಿಸಿ ಹದ ಇಳಿಸಿರಬೇಕು ಎಂದರು ಅಣ್ಣನವರು. ಥರ್ಮಾಮೀಟರ್ ಇಲ್ಲದ ಕುಲುಮೆಯಲ್ಲಿ, ಬಣ್ಣ ನೋಡಿ. ಆ ಅಜ್ಜನ ಮುಂದೆ ಕೂತು ಬಾಲ್ಯದಲ್ಲಿ ತಿದಿ ಒತ್ತಿದವನು ನಾನು. ಅವರು ಏನು ಮಾಡುತ್ತಿದ್ದಾರೆ ಎಂದು ಒಮ್ಮೆಯೂ ಕೇಳಲಿಲ್ಲ.

ಬೆನ್ನು ಮೆದು ಇದ್ದದ್ದೇ ಈಗ ಉಪಕಾರಕ್ಕೆ ಬಂತು. ಮೊನೆ ಹೊರಗೆ ಇಣುಕುತ್ತಿತ್ತಲ್ಲ, ಬೆಂಕಿ ಮುಟ್ಟಿಸದೆ ಬರೀ ಅರದಿಂದ ಬೆನ್ನಿನ ತುದಿಯನ್ನು ಉಜ್ಜಿ ಕೆಳಗೆ ಇಳಿಸಿದೆವು. ಮೊನೆ ಬಾಯಿಯ ಮಟ್ಟಕ್ಕೆ ಬಂದು ಕೂತಿತು, ಮಡಚಿದರೆ ಪೂರ್ತಿ ಹಿಡಿಯೊಳಗೆ ಹೋಗುತ್ತದೆ. ಕ್ಯಾಂಪ್ ಸರ್ ಹೇಳಿದ ಶೀಪ್ಸ್‌ಫುಟ್ ತಾನಾಗಿಯೇ ಆಯಿತು. ಆಮೇಲೆ ಒಂದು ಮುಖವನ್ನು ಗಾಜಿನ ಹಲಗೆಗೆ ಅಂಟಿಸಿದ ಎಮರಿ ಕಾಗದದ ಮೇಲೆ ನೀರು ಹಾಕಿ ಸಪಾಟು ಮಾಡಿದೆವು. 400ರ ಕಾಗದದಿಂದ ಆರಂಭಿಸಿ 1000, 2000. ಕೊನೆಗೆ ಹಳೆಯ ಬೆಲ್ಟಿನ ಚರ್ಮಕ್ಕೆ ತೀಡಿದ್ದು. ಬುಡದ ಅರದ ಗೆರೆಗಳನ್ನು ಅಣ್ಣನವರು ಮುಟ್ಟಲಿಲ್ಲ.

ಮೊನ್ನೆ ಕಸಿಗೆ ಕೂತೆ. ಎರಡು ಚಿಗುರುಗಣ್ಣಿನ ಕಡ್ಡಿ, ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಬೆಣೆ. ಒಂದೇ ಎಳೆತಕ್ಕೆ ಒಂದು ಕಡೆ, ತಿರುಗಿಸಿ ಇನ್ನೊಂದು ಕಡೆ. ಕೊಯ್ದ ಮುಖಕ್ಕೆ ಅಲಗಿನ ಸಪಾಟು ಮುಖವನ್ನು ಆನಿಸಿ ಬೆಳಕಿಗೆ ಹಿಡಿದೆ. ನಡುವೆ ಕೂದಲೆಳೆಯಷ್ಟೂ ಬೆಳಕು ಕಾಣಲಿಲ್ಲ. ಹಿಂದಿನ ವರ್ಷ ಇದೇ ಚಾಕುವಿನಿಂದ ಕೊಯ್ದ ಬೆಣೆಗಳಲ್ಲಿ ನಡುವೆ ಬೆಳಕು ಹಾಯುತ್ತಿತ್ತು, ಸೀಳಿಗೆ ಕೂರಿಸಿದ ಮೇಲೂ ಒಳಗೆ ಸಂದು ಉಳಿಯುತ್ತಿತ್ತು. ಆ ಸಂದಿಗೆ ಗಾಳಿ ಹೋಗಿ ಕಡ್ಡಿ ಒಣಗಿತು ಎಂದು ಈಗ ಅನ್ನಿಸುತ್ತದೆ. ಚಿಗುರು ಒಡೆದ ಮೇಲೆ ಎಷ್ಟು ಹಿಡಿದವು ಎಂದು ಎಣಿಸಿ ಬರೆಯುತ್ತೇನೆ.

ಉಳಿದ ಕೆಲಸಕ್ಕೆ ಡ್ರಾಪ್ ಪಾಯಿಂಟ್ ಅಲಗಿನ 12ಸಿ27 ಉಕ್ಕಿನದೊಂದನ್ನು ತೆಗೆದುಕೊಂಡೆ, ಬೆನ್ನಿನ ಮೇಲೆ ಬೀಗ, ನೈಲಾನ್ ಹಿಡಿ. ಎರಡು ಸಾವಿರ ದಾಟಲಿಲ್ಲ. ಅಯಸ್ಕಾಂತ ಒಯ್ದಿದ್ದೆ. ಅಂಗಡಿಯಲ್ಲಿ ಮೊದಲು ತೋರಿಸಿದ ಎರಡು ಚಾಕುಗಳಿಗೆ ಅಂಟಲೇ ಇಲ್ಲ.

ಇಂಡಿ ಲಿಂಬೆ:

ಓದಿ ಬಹಳ ಸಂತೋಷವಾಯಿತು ಅಣ್ಣಾ. ಕೊಂಬಿನ ಹಿಡಿಯನ್ನು ಬೇಸಿಗೆಯಲ್ಲಿ ನೋಡಿಕೊಳ್ಳಿ, ಒಣಗಿದರೆ ಪದರ ಬಿಡುತ್ತದೆ, ಹುಳವೂ ತಿನ್ನುತ್ತದೆ. ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆ ಸವರಿ. ಹಿಡಿಗೆ ಮಾತ್ರ.

ಮುಧೋಳ ಪಶುವೈದ್ಯೆ:

ಹೊಸ ಚಾಕುವಿನ ಹಿಡಿ ಯಾವ ಬಣ್ಣದ್ದು ತೆಗೆದುಕೊಂಡಿರಿ?

ತಿಕೋಟಾ ತೋಟ:

ಕಿತ್ತಳೆ ಮೇಡಂ. ನಿನ್ನೆ ಮೂರನೆಯ ಸಾಲಿನಲ್ಲಿ ಬೀಳಿಸಿಕೊಂಡಿದ್ದೆ, ಟ್ರ್ಯಾಕ್ಟರ್ ಮೇಲಿಂದಲೇ ಕಂಡಿತು.